ಕೊಡಗಿನಿಂದ ಹೊರದೇಶಕ್ಕೆ ಇಂಗ್ಲಿಷ್ ಟೀಚರ್ ಆಗಿ ಹೊರಡುವುದಾದರೆ

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕಾನ್ವೆಂಟಿನಲ್ಲಿ ಓದಿದವರಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಆದರೆ ಇಂಗ್ಲಿಷ್ ಬರುವುದು ಬೇರೆ, ಅದರ ಗಂಧಗಾಳಿಯೂ ಇಲ್ಲದವರಿಗೆ ಕಲಿಸುವುದು ಬೇರೆ. ನಮ್ಮಲ್ಲಿ ಇಂಗ್ಲಿಷ್ ಟೀಚರ್ ಪಾಠ ಓದುತ್ತಾರೆ, ಕಷ್ಟದ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಪ್ರಶ್ನೋತ್ತರ ಬರೆಸಿ ಮುಗಿಸುತ್ತಾರೆ. ಥಾಯ್ಲೆಂಡಿನ ಶಾಲೆಯಲ್ಲಿ ನಲವತ್ತು ಮಕ್ಕಳ ಎದುರು ನಿಂತಾಗ ನಿಮ್ಮ ಕನ್ನಡ ಅವರಿಗೆ ಬಾರದು, ಅವರ ಥಾಯ್ ನಿಮಗೆ ಬಾರದು. ನಡುವೆ ಇರುವುದು ಅವರಿಗೆ ಇನ್ನೂ ಬಾರದ ಇಂಗ್ಲಿಷ್ ಒಂದೇ. ಈ ಕೆಲಸಕ್ಕೆ ಹೊರಟವರು ಎಡವುವುದು ಹೆಚ್ಚಾಗಿ ಎರಡು ಕಡೆ: ಕಾಗದಪತ್ರದಲ್ಲಿ, ಇಲ್ಲವೇ ತರಗತಿಯ ಆ ನಲವತ್ತೈದು ನಿಮಿಷದಲ್ಲಿ. ಇಂಗ್ಲಿಷ್ ಸಾಲದೆ ವಾಪಸು ಬಂದವರು ಕಡಿಮೆ.

ಮೊದಲು ಪಾಸ್‌ಪೋರ್ಟ್, ಆಮೇಲೆ ದೇಶ

ಈ ವಿಷಯದ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕ, ಬ್ರಿಟನ್ ಪಾಸ್‌ಪೋರ್ಟ್ ಇರುವವರಿಗಾಗಿ ಬರೆದವು. ಅವನ್ನು ನಂಬಿ ಹಣ ಕಟ್ಟಿದ ಮೇಲೆ ನಿಯಮ ಓದಿ ಪ್ರಯೋಜನವಿಲ್ಲ.

ದಕ್ಷಿಣ ಕೊರಿಯಾದಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಇ-2 ವೀಸಾ ಏಳು ದೇಶದವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಮಗಿರುವುದು ಒಂದು ಕಿಂಡಿ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಸಹಭಾಗಿತ್ವ ಒಪ್ಪಂದದಡಿ, ಪದವಿಯ ಜೊತೆಗೆ ಇಂಗ್ಲಿಷ್ ಕಲಿಸುವ ಶಿಕ್ಷಕ ಅರ್ಹತೆ ಇರುವ ಭಾರತೀಯರು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಅಲ್ಲಿ ಬೀದಿಗೊಂದರಂತೆ ಇರುವ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಈ ಕಿಂಡಿಯಿಂದ ನುಸುಳಲಾಗದು. ಚೀನಾದ ನಿಯಮವೂ ಭಾಷಾ ಶಿಕ್ಷಕರು ಆ ಭಾಷೆಯನ್ನು ಮನೆಮಾತಾಗಿ ಆಡುವ ದೇಶದವರಾಗಿರಬೇಕು ಎನ್ನುತ್ತದೆ. "ಬಿಸಿನೆಸ್ ವೀಸಾದಲ್ಲಿ ಹೋಗಿ, ಅಲ್ಲಿ ಸರಿಮಾಡೋಣ" ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ. ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗುವುದು ನೀವು, ಏಜೆಂಟ್ ಅಲ್ಲ.

ಜಪಾನಿನಲ್ಲಿ ಶಾಲಾ ಶಿಕ್ಷಕರ ವೀಸಾಗೆ ಪದವಿಯ ಜೊತೆ ಇನ್ನೊಂದು ಷರತ್ತಿದೆ: ಕಲಿಸುವ ಭಾಷೆಯಲ್ಲೇ ಕನಿಷ್ಠ 12 ವರ್ಷ ಓದಿರಬೇಕು. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಒಂದನೇ ತರಗತಿಯಿಂದ ಇಂಗ್ಲಿಷ್ ಮೀಡಿಯಂ ಆದರೆ ಪಿಯುಸಿಗೇ 12 ತುಂಬುತ್ತದೆ. ನಾಲ್ಕರವರೆಗೆ ಕನ್ನಡದಲ್ಲಿ ಓದಿ ಐದರಿಂದ ಇಂಗ್ಲಿಷ್‌ಗೆ ಬಂದವರಿಗೆ ಹತ್ತನೇ ತನಕ ಆರು, ಪಿಯುಸಿ ಎರಡು, ಡಿಗ್ರಿ ಮೂರು, ಒಟ್ಟು ಹನ್ನೊಂದು. ಎರಡು ವರ್ಷದ ಬಿ.ಎಡ್. ಸೇರಿಸಿದರೆ ಹದಿಮೂರು. ಎಂಟನೇ ತರಗತಿಯಿಂದ ಬಂದವರಿಗೆ ಎಂಟೇ ವರ್ಷವಾಗುತ್ತದೆ, ಬಿ.ಎಡ್. ಸೇರಿದರೂ ಹತ್ತು. ಪ್ರತಿ ಶಾಲೆ, ಕಾಲೇಜಿನಿಂದಲೂ ಬೋಧನಾ ಮಾಧ್ಯಮದ ಪತ್ರ ಲೆಟರ್‌ಹೆಡ್‌ನಲ್ಲಿ ಬೇಕಾಗುತ್ತದೆ. ಶಾಲೆ ಮುಚ್ಚಿಹೋಗಿದ್ದರೆ ಬಿಇಒ ಕಚೇರಿ ಅಲೆಯಬೇಕು. ಹಾಗಾಗಿ ಈ ಪತ್ರಗಳನ್ನು ಮೊದಲೇ ತೆಗೆದಿಡುವುದು ಕ್ಷೇಮ. ಬೇರೆ ದೇಶಗಳ ಶಾಲೆಗಳೂ ಕೇಳುತ್ತವೆ.

ಬಾಗಿಲು ನಿಜಕ್ಕೂ ತೆರೆದಿರುವುದು ಥಾಯ್ಲೆಂಡ್, ವಿಯೆಟ್ನಾಂ ಮತ್ತು ಕೊಲ್ಲಿ ದೇಶಗಳಲ್ಲಿ. ಥಾಯ್ಲೆಂಡಿನಲ್ಲಿ ಪದವಿ, ನಾನ್-ಇಮಿಗ್ರಂಟ್ ಬಿ ವೀಸಾ, ವರ್ಕ್ ಪರ್ಮಿಟ್, ಶಾಲೆಯಾದರೆ ಅಲ್ಲಿನ ಶಿಕ್ಷಕರ ಮಂಡಳಿ 'ಖುರುಸಫಾ'ದ ಪರವಾನಗಿ ಇಲ್ಲವೇ ತಾತ್ಕಾಲಿಕ ಅನುಮತಿ. ನಮ್ಮಂಥವರಿಂದ ಇಂಗ್ಲಿಷ್ ಪರೀಕ್ಷೆಗಳಾದ ಟೊಯಿಕ್ ಅಥವಾ ಐಇಎಲ್‌ಟಿಎಸ್ ಅಂಕವನ್ನೂ ಕೇಳುತ್ತಾರೆ. 990ಕ್ಕೆ ನಡೆಯುವ ಟೊಯಿಕ್‌ನಲ್ಲಿ ಸಾಮಾನ್ಯವಾಗಿ 600 ದಾಟಿರಬೇಕು ಅನ್ನುತ್ತಾರೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇದು ದೊಡ್ಡ ವಿಷಯವೇ ಅಲ್ಲ, ಆದರೆ ಅಂಕಪಟ್ಟಿಯ ಆಯಸ್ಸು ಎರಡೇ ವರ್ಷ. ಬೇಗ ಬರೆದು ಇಟ್ಟುಕೊಂಡರೆ ದಂಡ. ವಿಯೆಟ್ನಾಮಿನಲ್ಲಿ ಪದವಿ, ಬೋಧನಾ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ತಪಾಸಣೆ ಇದ್ದರೆ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಒಂದು ಕಹಿ ಮಾತು: ಅದೇ ಶಾಲೆ, ಅದೇ ಪಾಠ, ಅದೇ ಗಂಟೆ, ಆದರೂ ಬಿಳಿಯರಿಗಿಂತ ಕಡಿಮೆ ಸಂಬಳದ ಆಫರ್ ಬರುತ್ತದೆ. ಅದನ್ನು ತಿಳಿದೇ ಹೋಗಿ.

ಕೊಲ್ಲಿಯ ಲೆಕ್ಕಾಚಾರ ಬೇರೆ. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಬೇಕಿರುವುದು ಇಂಗ್ಲಿಷ್‌ನಲ್ಲಿ ಡಿಗ್ರಿ, ಬಿ.ಎಡ್. ಮತ್ತು ಒಂದೆರಡು ವರ್ಷದ ಅನುಭವ. ಪೊನ್ನಂಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಎರಡು ವರ್ಷ ಕಲಿಸಿದ್ದಕ್ಕೆ ಅಲ್ಲಿ ಬೆಲೆಯಿದೆ. ಆ ಶಾಲೆಗಳ ವರ್ಷ ಏಪ್ರಿಲಿನಲ್ಲಿ ಶುರುವಾಗುವುದರಿಂದ ಅರ್ಜಿ ಹಾಕಲು ಕಾಫಿ ಕೊಯ್ಲಿನ ತಿಂಗಳುಗಳೇ ಸರಿಯಾದ ಸಮಯ. ಥಾಯ್ ಶಾಲೆಗಳು ಮೇ ತಿಂಗಳಲ್ಲಿ ತೆರೆಯುತ್ತವೆ, ಎರಡನೇ ಅವಧಿ ನವೆಂಬರಿನಲ್ಲಿ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ಅವರು ಟೀಚರಿಗಾಗಿ ಹುಡುಕಾಡುವ ಕಾಲ.

ಯಾವ ಸರ್ಟಿಫಿಕೇಟ್

"120 ಗಂಟೆಯ ಟೆಫೆಲ್ ಕೋರ್ಸ್, ಮೂರು ಸಾವಿರ ರೂಪಾಯಿ, ಇವತ್ತೇ ಕೊನೇ ದಿನ" ಎಂಬ ಜಾಹೀರಾತು ಕಾಣದವರಿಲ್ಲ. ಟೆಫೆಲ್ ಎಂದರೆ ಇಂಗ್ಲಿಷ್ ಮನೆಮಾತಲ್ಲದವರಿಗೆ ಅದನ್ನು ಕಲಿಸುವ ತರಬೇತಿ. ಅಂಥ ಕೋರ್ಸಿನಲ್ಲಿ ವಿಡಿಯೊ ನೋಡಿ ಟಿಕ್ ಹಾಕಿದರೆ ಸರ್ಟಿಫಿಕೇಟ್ ಬರುತ್ತದೆ. ಎಷ್ಟೋ ಕಡೆ ಫೈಲು ತುಂಬಿಸಲು ಅದೂ ಸಾಕು. ಆದರೆ ಅದರಲ್ಲಿ ಪಾಠ ಮಾಡುವುದನ್ನು ಯಾರೂ ಕೂತು ನೋಡಿರುವುದಿಲ್ಲ. ಒಳ್ಳೆಯ ಭಾಷಾ ಕೇಂದ್ರಗಳು ಕೇಳುವುದೇ ಅದನ್ನು.

ಕೇಂಬ್ರಿಡ್ಜ್‌ನ ಸೆಲ್ಟಾ ಮತ್ತು ಟ್ರಿನಿಟಿಯ ಸರ್ಟ್-ಟೆಸಾಲ್‌ಗೆ ಮರ್ಯಾದೆ ಇರುವುದು ಈ ಕಾರಣಕ್ಕೇ. ಸೆಲ್ಟಾದಲ್ಲಿ 120 ಗಂಟೆಗೂ ಮಿಕ್ಕಿದ ತರಬೇತಿ, ಅದರೊಳಗೆ ಆರು ಗಂಟೆ ನಿಜವಾದ ಕಲಿಯುವವರಿಗೆ ನೀವು ಪಾಠ ಮಾಡಬೇಕು, ತರಬೇತುದಾರರು ಹಿಂದೆ ಕೂತು ಬರೆದುಕೊಳ್ಳುತ್ತಾರೆ. ಇನ್ನೂ ಆರು ಗಂಟೆ ಅನುಭವಸ್ಥರ ಪಾಠ ನೋಡಬೇಕು. 750ರಿಂದ 1000 ಪದಗಳ ನಾಲ್ಕು ಲಿಖಿತ ಅಸೈನ್‌ಮೆಂಟ್. ಪರೀಕ್ಷೆ ಇಲ್ಲ. ಫುಲ್‌ಟೈಂ ಆದರೆ ನಾಲ್ಕೈದು ವಾರ, ಆ ವಾರಗಳಲ್ಲಿ ಮದುವೆ, ತಿಥಿ ಯಾವುದಕ್ಕೂ ಹೋಗುವಂತಿಲ್ಲ. ಖರ್ಚು ಲಕ್ಷ ದಾಟುತ್ತದೆ. ಸೇರಿಸಿಕೊಳ್ಳುವ ಮೊದಲು ಒಂದು ಲಿಖಿತ ಟಾಸ್ಕ್ ಮತ್ತು ಇಂಟರ್ವ್ಯೂ ಇರುತ್ತದೆ. ಅಲ್ಲಿ ಬೀಳುವವರು ಬೀಳುವುದು ವ್ಯಾಕರಣದಲ್ಲಿ. ಸರಾಗ ಮಾತಾಡುತ್ತಾರೆ, ಆದರೆ 'ಐ ಲಿವ್' ಮತ್ತು 'ಐಯಾಮ್ ಲಿವಿಂಗ್' ನಡುವಿನ ಅಂತರ ವಿವರಿಸಲು ಬರುವುದಿಲ್ಲ. ಅರ್ಜಿ ಹಾಕುವ ಮೊದಲು ಎರಡು ತಿಂಗಳು ವ್ಯಾಕರಣ ಓದಿ.

ಆನ್‌ಲೈನ್ ಸೆಲ್ಟಾ ಇದೆ, ಜೂಮ್‌ನಲ್ಲೇ ಪಾಠ ಮಾಡಬಹುದು. ಕೊಡಗಿನವರು ಮಾತ್ರ ಜೂನ್, ಜುಲೈ, ಆಗಸ್ಟಿನ ಬ್ಯಾಚಿಗೆ ಸೇರಬೇಡಿ. ಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೂರು ದಿನ, ಅದರ ಬೆನ್ನಿಗೆ ಟವರೂ ಸಾಯುತ್ತದೆ. ಇನ್ವರ್ಟರ್ ಇದ್ದರೂ ಸಿಗ್ನಲ್ ಎಲ್ಲಿಂದ ತರುವುದು? ಮೌಲ್ಯಮಾಪನದ ಪಾಠದ ನಡುವೆ ಸ್ಕ್ರೀನ್ ಹೆಪ್ಪುಗಟ್ಟಿದರೆ ತರಬೇತುದಾರರು ಒಂದು ಸಲ ಕ್ಷಮಿಸಿಯಾರು. ಮಳೆಗಾಲದಲ್ಲೇ ಮಾಡಬೇಕೆಂದಿದ್ದರೆ ಮಳೆ ಕಡಿಮೆಯಿರುವ ಕುಶಾಲನಗರದಲ್ಲೋ ಮೈಸೂರಿನಲ್ಲೋ ಆ ಐದು ವಾರ ರೂಮು ಹಿಡಿಯಿರಿ.

ನಿಮ್ಮ ಗುರಿ ಕೊಲ್ಲಿಯ ಶಾಲೆಯಾದರೆ ಅದೇ ಹಣವನ್ನು ಬಿ.ಎಡ್.ಗೆ ಹಾಕುವುದು ವಾಸಿ. ಎರಡೂ ಇದ್ದರೆ ಬಾಗಿಲುಗಳು ಹೆಚ್ಚು, ಆದರೆ ಒಂದನ್ನೂ ಮುಗಿಸದೆ ಎರಡಕ್ಕೂ ಕೈಹಾಕಬೇಡಿ.

ಕನ್ನಡದ ಸಹಾಯವಿಲ್ಲದೆ ಒಂದು ಪಾಠ

ಅಭ್ಯಾಸಕ್ಕೆ ಹೊರದೇಶ ಬೇಕಿಲ್ಲ. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ. 1961ರಿಂದ ಟಿಬೆಟನ್ನರು ನೆಲೆಸಿರುವ ಊರು. ಇಂಗ್ಲಿಷ್ ಕಲಿಯುವ ಆಸೆಯ ಎಳೆಯ ಭಿಕ್ಷುಗಳು ಅಲ್ಲಿದ್ದಾರೆ. ಮಠದ ಕಚೇರಿಯಲ್ಲಿ ಅನುಮತಿ ಕೇಳಿ, ವಾರಕ್ಕೆ ಎರಡು ದಿನ ಎಂದರೆ ಎರಡೇ ದಿನ, ತಪ್ಪದೆ ಹೋಗಿ. ಅಷ್ಟು ದೂರ ಆಗದಿದ್ದರೆ ತೋಟದ ಲೈನ್‌ಮನೆಗಳಲ್ಲಿರುವ ಅಸ್ಸಾಂ, ಬಂಗಾಳದ ಕಾರ್ಮಿಕರು, ಹೋಂಸ್ಟೇಯಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಹುಡುಗರು. ಮುಖ್ಯವಾದ ಷರತ್ತು: ಹಿಂದಿಯೂ ಇಲ್ಲ, ಕನ್ನಡವೂ ಇಲ್ಲ.

'ಟೂ' ಎಂಬ ಪದವನ್ನೇ ತೆಗೆದುಕೊಳ್ಳಿ. ನಾವು 'ಟೂ ಗುಡ್' ಎಂದರೆ ಬಲು ಚೆನ್ನಾಗಿದೆ ಎಂದರ್ಥ. ನಿಜವಾದ ಅರ್ಥದಲ್ಲಿ ಅದು 'ಅತಿಯಾಯಿತು, ತೊಂದರೆಯಾಯಿತು' ಎನ್ನುವುದು. ಇದನ್ನು ಒಂದು ಕನ್ನಡ ಪದವೂ ಇಲ್ಲದೆ 45 ನಿಮಿಷದಲ್ಲಿ ಹೀಗೆ ಕಲಿಸಬಹುದು.

ಮೇಜಿನ ಮೇಲೆ ಮೂರು ಲೋಟ ಕಾಫಿ. ಒಂದು ಒಲೆಯಿಂದ ಆಗಷ್ಟೇ ಇಳಿಸಿದ್ದು, ಹೊಗೆಯಾಡುತ್ತಿರಬೇಕು. ಇನ್ನೊಂದಕ್ಕೆ ಎಲ್ಲರ ಕಣ್ಣೆದುರೇ ಎಂಟು ಚಮಚ ಸಕ್ಕರೆ ಸುರಿಯಿರಿ. ಮೂರನೆಯದು ಹದವಾಗಿ ಬಿಸಿಯಿರುವುದು. ಮೊದಲ ಲೋಟ ತುಟಿಗಿಟ್ಟು ಹಿಂದೆಗೆಯಿರಿ, ಮುಖ ಕಿವಿಚಿ, ಕುಡಿಯದೆ ಕೆಳಗಿಡಿ. ಇನ್ನೂ ಏನೂ ಹೇಳಬೇಡಿ. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿ ನಗುತ್ತಾರೆ. ಅರ್ಥ ತಲುಪಿದೆ, ಪದ ಮಾತ್ರ ಬಾಕಿ. ಈಗ ಹೇಳಿ: 'ಇಟ್ಸ್ ಟೂ ಹಾಟ್.' ಮೂರನೆಯ ಲೋಟವನ್ನು ಊದಿ, ಕುಡಿದು, ತೃಪ್ತಿಯಿಂದ: 'ಇಟ್ಸ್ ವೆರಿ ಹಾಟ್.' ಇಷ್ಟಕ್ಕೆ ಹತ್ತು ನಿಮಿಷ.

ಮುಂದಿನ ಐದು ನಿಮಿಷವೇ ಇಡೀ ಪಾಠದ ಜೀವ. 'ಅಂಡರ್‌ಸ್ಟ್ಯಾಂಡ್?' ಎಂದು ಕೇಳಬೇಡಿ. ಪ್ರಪಂಚದ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ. ಹೌದು, ಇಲ್ಲ ಎಂದಷ್ಟೇ ಉತ್ತರ ಬರುವ ಸಣ್ಣ ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ. ಮೊದಲ ಲೋಟ ತೋರಿಸಿ: 'ಕ್ಯಾನ್ ಐ ಡ್ರಿಂಕ್ ಇಟ್ ನೌ?' ನೋ. 'ಈಸ್ ದೇರ್ ಎ ಪ್ರಾಬ್ಲೆಮ್?' ಯೆಸ್. ಮೂರನೆಯದನ್ನು ತೋರಿಸಿ ಅದೇ ಎರಡು ಪ್ರಶ್ನೆ, ಉತ್ತರ ತಿರುಗುಮುರುಗಾಗಬೇಕು. ಆಗಲಿಲ್ಲವೋ, ಮುಂದೆ ಹೋಗಬೇಡಿ, ಸಕ್ಕರೆಯ ಲೋಟ ಎತ್ತಿ. ಈ ಪ್ರಶ್ನೆಗಳಲ್ಲಿ 'ಟೂ' ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಕಲಿಸುವ ಪದವನ್ನೇ ಪ್ರಶ್ನೆಯಲ್ಲಿಟ್ಟರೆ ಅರ್ಥವಾಗದವನೂ ಊಹಿಸಿ ಉತ್ತರ ಹೇಳಿಬಿಡುತ್ತಾನೆ.

ಆಮೇಲೆ ಬಾಯಿಪಾಠದಂಥ ಅಭ್ಯಾಸ. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಸಾಲು ಸಾಲಾಗಿ, ಕೊನೆಗೆ ಒಬ್ಬೊಬ್ಬರೇ. ಬೋರ್ಡಿನ ಮೇಲೆ ಬರೆಯುವುದು ಇದಾದ ಮೇಲೆ. ಮೊದಲೇ ಬರೆದರೆ ಅವರು ಕಿವಿಯಿಂದ ಕಲಿಯದೆ ಅಕ್ಷರ ಓದಲು ಶುರುಮಾಡುತ್ತಾರೆ, ಉಚ್ಚಾರ ಕೆಡುತ್ತದೆ. ನಂತರ ಜೋಡಿ ಮಾಡಿ ಹತ್ತು ಚಿತ್ರ ಕೊಡಿ: ಪುಟ್ಟ ಹುಡುಗನ ಮೇಲೆ ದೊಡ್ಡ ಕೊಡೆ, ಕೈಗೆಟುಕದ ಹಲಸಿನಹಣ್ಣು, ಹೊರಲಾರದ ಮೂಟೆ. ಒಬ್ಬರು ತೋರಿಸಬೇಕು, ಇನ್ನೊಬ್ಬರು ಹೇಳಬೇಕು. ಕೊಡುವ ಮೊದಲು ಒಬ್ಬ ವಿದ್ಯಾರ್ಥಿಯನ್ನು ಮುಂದೆ ಕರೆದು ಒಂದು ಚಿತ್ರ ಮಾಡಿ ತೋರಿಸಿ. ಇಂಗ್ಲಿಷ್‌ನಲ್ಲಿ ಎಷ್ಟು ಹೊತ್ತು ಸೂಚನೆ ಕೊಟ್ಟರೂ ಈ ಒಂದು ತೋರಿಕೆಗೆ ಸಮ ಆಗುವುದಿಲ್ಲ. ಅವರು ಮಾತಾಡುವಾಗ ನೀವು ಸುಮ್ಮನಿರಿ, ಸುತ್ತಾಡಿ, ತಪ್ಪುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಯ ಐದು ನಿಮಿಷದಲ್ಲಿ ಯಾರ ಹೆಸರೂ ಹೇಳದೆ ಮೂರು ತಪ್ಪು ಬೋರ್ಡಿಗೆ ಹಾಕಿ, ಅವರಿಂದಲೇ ತಿದ್ದಿಸಿ.

ಹೊಸಬರ ದೊಡ್ಡ ರೋಗ ತಾವೇ ಮಾತಾಡುವುದು. ಒಂದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಗಡಿಯಾರ ಹಿಡಿದು ನಿಮ್ಮ ದನಿ ಎಷ್ಟು ನಿಮಿಷ ಎಂದು ಕೂಡಿ. ಅರ್ಧ ದಾಟಿದ್ದರೆ ಪಾಠ ಕೆಟ್ಟಿದೆ.

ನಮ್ಮ ಇಂಗ್ಲಿಷ್‌ನಲ್ಲಿ ಕಳಚಿಡಬೇಕಾದದ್ದು

'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ನಮ್ಮ ಕಿವಿಗೆ ತಪ್ಪೇ ಅನ್ನಿಸುವುದಿಲ್ಲ. ಯಾಕೆಂದರೆ ಕನ್ನಡದಲ್ಲಿ 'ನಿನ್ನೆಯೇ ನೋಡಿದ್ದೇನೆ' ಸರಿಯಾದ ಮಾತು. ಇಂಗ್ಲಿಷ್‌ನಲ್ಲಿ ಮುಗಿದ ಸಮಯದ ಪದ ಬಂದ ಕೂಡಲೇ 'ಹ್ಯಾವ್' ಬಿಡಬೇಕು. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್', ಪ್ರಶ್ನೆಗೆ 'ಡೌಟ್', ಡಿಗ್ರಿ ಮುಗಿಸಿದ್ದಕ್ಕೆ 'ಪಾಸ್ಡ್ ಔಟ್' (ಹೊರಗಿನವರಿಗೆ ಅದು ಮೂರ್ಛೆ ಹೋದದ್ದು), 'ಕಸಿನ್ ಬ್ರದರ್', ಎಲ್ಲದಕ್ಕೂ 'ಇಸಿಂಟ್ ಇಟ್'. ಮನೆಯಲ್ಲಿ ಧಾರಾಳವಾಗಿ ಆಡಿ. ಬೋರ್ಡಿನ ಮೇಲೆ ಬರಕೂಡದು.

ಉಚ್ಚಾರದಲ್ಲಿ ಬಿಳಿಯರ ಧಾಟಿ ನಟಿಸುವುದು ಬೇಡ, ಹತ್ತು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಸರಿಮಾಡಬೇಕಾದದ್ದು ಮೂರು ನಾಲ್ಕು. ಒದ್ದೆ ಎನ್ನುವ 'ವೆಟ್' ಬೇರೆ, ದನದ ಡಾಕ್ಟರ್ 'ವೆಟ್' ಬೇರೆ; ಒಂದಕ್ಕೆ ತುಟಿ ಸುತ್ತಾಗಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ 'ವ', ನೋಡಿ, ಇಲ್ಲಿ ಬರೆದು ತೋರಿಸಲೂ ಆಗುತ್ತಿಲ್ಲ. ಮೊಟ್ಟೆಯನ್ನು 'ಯೆಗ್' ಎನ್ನುವುದು, ಪದದ ಕೊನೆಗೆ 'ಉ' ಸೇರಿಸಿ 'ಬುಕ್ಕು, ಬಸ್ಸು' ಎನ್ನುವುದು, ಎಲ್ಲ ಅಕ್ಷರಕ್ಕೂ ಒಂದೇ ಒತ್ತು ಕೊಡುವುದು. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲಿಗೆ, 'ಫೋಟಾಗ್ರಫಿ'ಯಲ್ಲಿ ಎರಡನೆಯದಕ್ಕೆ. ಡಿಕ್ಷನರಿಯಲ್ಲಿ ಒತ್ತಿನ ಗುರುತು ನೋಡುವ ಅಭ್ಯಾಸ ಇವತ್ತೇ ಶುರುಮಾಡಿ.

ಅವರ ಭಾಷೆಯ ಬಗ್ಗೆಯೂ ಚೂರು ತಿಳಿದಿರಲಿ. ಥಾಯ್, ವಿಯೆಟ್ನಾಮಿ ಭಾಷೆಗಳಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದಿಲ್ಲ, ಪದದ ಕೊನೆಯ ವ್ಯಂಜನವನ್ನು ಅವರು ನುಂಗುತ್ತಾರೆ. ಹಾಗಾಗಿ ಭೂತಕಾಲದ 'ಡ್', ಬಹುವಚನದ 'ಸ್' ಬಾಯಲ್ಲಿ ಮಾಯ. ಅರಬ್ಬಿಯಲ್ಲಿ 'ಪ' ಇಲ್ಲ, 'ಪಾರ್ಕ್' 'ಬಾರ್ಕ್' ಆಗುತ್ತದೆ. ವರ್ತಮಾನದಲ್ಲಿ 'ಈಸ್' ಎನ್ನುವ ಪದವೇ ಅವರಿಗಿಲ್ಲ. ಕನ್ನಡದಲ್ಲೂ 'ಅವನು ಡಾಕ್ಟರ್' ಎಂದರೆ ಸಾಕಲ್ಲವೇ, ಅದೇ ಕಷ್ಟ.

ಹೆಸರು ಮತ್ತು ಕಾಗದ

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ: ಮೊದಲು ಮನೆತನ, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ಕೊಡವರ ಈ ಕ್ರಮ ವಿದೇಶಿ ಫಾರಂಗೆ ತಲೆಕೆಳಗು. ಅವರಿಗೆ ಕೊನೆಯ ಪದವೇ ಸರ್‌ನೇಮ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ಇನಿಶಿಯಲ್, ಡಿಗ್ರಿಯಲ್ಲಿ ಪೂರ್ತಿ ಹೆಸರು, ಆಧಾರಿನಲ್ಲಿ ಮನೆತನವೇ ಇಲ್ಲ, ಮದುವೆಯಾದ ಮೇಲೆ ಗಂಡನ ಮನೆತನ. ನಾಲ್ಕು ಕಾಗದ, ನಾಲ್ಕು ಮನುಷ್ಯರು. ಗೌಡರಿಗೂ ಇನಿಶಿಯಲ್ ಇರುವ ಉಳಿದವರಿಗೂ ಈ ಕಾಟ ತಪ್ಪಿದ್ದಲ್ಲ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ, ಒಮ್ಮೆ ಬರೆಸಿದ ಕ್ರಮವನ್ನೇ ಮುಂದಿನ ಪ್ರತಿ ಫಾರಂನಲ್ಲೂ ಬರೆಯಿರಿ. ಡಿಗ್ರಿಗೂ ಪಾಸ್‌ಪೋರ್ಟಿಗೂ ತಾಳೆಯಾಗದಿದ್ದರೆ ನೋಟರಿ ಮಾಡಿಸಿದ ಅಫಿಡವಿಟ್ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಆಫರ್ ಬಂದ ಮೇಲೆ ಇದಕ್ಕೆ ಓಡಾಡುವುದಕ್ಕಿಂತ ಈಗಲೇ ಕೂತು ಎಲ್ಲ ಕಾಗದ ಸಾಲಾಗಿ ಹರಡಿ ಅಕ್ಷರ ಅಕ್ಷರ ನೋಡಿ.

ಎರಡನೇ ತೊಡಕು ಡಿಗ್ರಿ ಸರ್ಟಿಫಿಕೇಟ್. ಬಹಳ ಜನರ ಕೈಲಿರುವುದು ಅಂಕಪಟ್ಟಿ ಮತ್ತು ಪ್ರೊವಿಷನಲ್ ಮಾತ್ರ. ವೀಸಾಗೆ ಬೇಕಿರುವುದು ಘಟಿಕೋತ್ಸವದ ಮೂಲ ಪ್ರಮಾಣಪತ್ರ. ಹಳೇ ಬ್ಯಾಚಿನವರು ಕೋಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ, ಹೊಸಬರು ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಬೇಕು. ನಿಮ್ಮ ಅಂಕಪಟ್ಟಿಯಲ್ಲಿ ಯಾವುದರ ಮುದ್ರೆ ಇದೆಯೋ ಅದು. ಲ್ಯಾಮಿನೇಟ್ ಮಾಡಿಸಿದ್ದರೆ ಅದರ ಮೇಲೆ ಸೀಲು ಹಾಕಲಾಗದು, ದಯವಿಟ್ಟು ಮಾಡಿಸಬೇಡಿ.

ಸರ್ಟಿಫಿಕೇಟ್ ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣವಾಗಿ, ಆಮೇಲೆ ವಿದೇಶಾಂಗ ಸಚಿವಾಲಯಕ್ಕೆ ಹೋಗುತ್ತದೆ. ಹೋಗುವ ದೇಶ ಅಪೊಸ್ಟಿಲ್ ಒಪ್ಪಂದದಲ್ಲಿದ್ದರೆ (ಒಂದು ದೇಶ ದಾಖಲೆಗೆ ಹಾಕಿದ ಮುದ್ರೆಯನ್ನು ಇನ್ನೊಂದು ದೇಶ ಒಪ್ಪುವ ಒಪ್ಪಂದ) ಅಲ್ಲಿಗೆ ಮುಗಿಯಿತು. ಭಾರತ 2005ರಿಂದ ಅದರಲ್ಲಿದೆ, ಸೌದಿ, ಒಮಾನ್, ಬಹ್ರೈನ್ ಕೂಡ ಇವೆ. ಯುಎಇ ಅದರಲ್ಲಿಲ್ಲ, ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಅದರ ಖರ್ಚೇ ದೊಡ್ಡದು. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ಪ್ರತಿ ಕಾಗದಕ್ಕೆ 50 ರೂಪಾಯಿ, ಮೇಲೆ ಸ್ವಲ್ಪ ಸೇವಾ ಶುಲ್ಕ. ಏಜೆನ್ಸಿ ಅದಕ್ಕೇ ಐದಾರು ಸಾವಿರ ಕೇಳಿದರೆ ಅದು ಅವರ ಓಡಾಟದ ಕೂಲಿ. ಬೆಂಗಳೂರಿಗೆ ನೀವೇ ಎರಡು ಸಲ ಹೋಗಿಬರುವ ಖರ್ಚಿನ ಜೊತೆ ತೂಗಿನೋಡಿ.

ಕಾಗದ ಮಾಡಿಸುವ ಕ್ರಮವೂ ಮುಖ್ಯ. ಡಿಗ್ರಿಗೆ ಆಯಸ್ಸಿಲ್ಲ, ಅದನ್ನು ಮೊದಲು ಮುಗಿಸಿ. ಪೊಲೀಸ್ ಕ್ಲಿಯರೆನ್ಸ್ ಮತ್ತು ಮೆಡಿಕಲ್ ಬೇಗ ಹಳತಾಗುತ್ತವೆ, ಕೆಲಸ ಗಟ್ಟಿಯಾದ ಮೇಲೆ ಮಾಡಿಸಿ. ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ 500 ರೂಪಾಯಿ ಕಟ್ಟಿ ಅರ್ಜಿ. ಠಾಣೆಯಿಂದ ಬರೆಸಿಕೊಂಡ ಚೀಟಿ ನಡೆಯದು. ಅರ್ಜಿಯ ವಿಳಾಸದಲ್ಲಿ ನೀವು ಸಿಗಬೇಕು. ತೋಟದ ಮನೆಯ ವಿಳಾಸ ಕೊಟ್ಟು ಮೈಸೂರಿನಲ್ಲಿ ಕೂತಿದ್ದರೆ ವರದಿ ಅಲ್ಲೇ ನಿಲ್ಲುತ್ತದೆ. ಹೊಸ ಪಾಸ್‌ಪೋರ್ಟ್ ಆದರೆ 36 ಪುಟದ್ದಕ್ಕೆ 1500 ರೂಪಾಯಿ. ಹತ್ತನೇ ತರಗತಿ ಪಾಸಾದ ದಾಖಲೆ ಕೊಡಿ, ಇಲ್ಲದಿದ್ದರೆ ಇಸಿಆರ್ (ವಲಸೆ ತಪಾಸಣೆ ಬೇಕು ಎಂಬ) ಮುದ್ರೆ ಬಿದ್ದು ಕೊಲ್ಲಿಗೆ ಹೊರಡುವಾಗ ತಡೆಯಾಗುತ್ತದೆ.

ಆಫರ್ ಬಂದಾಗ

ಒಳ್ಳೆಯ ಶಾಲೆ ವಿಡಿಯೊದಲ್ಲಿ ಹತ್ತು-ಇಪ್ಪತ್ತು ನಿಮಿಷದ ಡೆಮೊ ಪಾಠ ಕೇಳುತ್ತದೆ. ಡೆಮೊ ಕೇಳದೆ, ವಾಟ್ಸಾಪಿನಲ್ಲಿ ನಾಲ್ಕು ಮಾತಾಡಿ ಕೆಲಸ ಕೊಡುವವರ ಬಗ್ಗೆ ಅನುಮಾನಪಡಿ. ಡೆಮೊಗೆ ಮೇಲಿನ ಕಾಫಿ ಪಾಠದ ಮೊದಲ ಹದಿನೈದು ನಿಮಿಷ ಸಾಕು. ಇಂಟರ್ವ್ಯೂ ಮಾಡುವವರು ನೋಡುವುದು ನಿಮ್ಮ ಪದಸಂಪತ್ತನ್ನಲ್ಲ, ನೀವು ಸುಮ್ಮನಿರಬಲ್ಲಿರಾ ಎಂಬುದನ್ನು.

ಒಪ್ಪಂದದಲ್ಲಿ ಇವನ್ನು ಹುಡುಕಿ: ವಾರಕ್ಕೆ ಪಾಠದ ಗಂಟೆ ಎಷ್ಟು, ಕಚೇರಿಯಲ್ಲಿ ಕೂರುವ ಗಂಟೆ ಎಷ್ಟು. 25ರ ಮೇಲೆ ಪಾಠವಿದ್ದರೆ ತಯಾರಿಗೆ ರಾತ್ರಿಯೇ ಗತಿ. ರಜೆಯ ತಿಂಗಳಲ್ಲಿ ಸಂಬಳ ಇದೆಯೇ? ವರ್ಷಕ್ಕೆ ಹತ್ತೇ ತಿಂಗಳು ಕೊಡುವವರಿದ್ದಾರೆ. ವೀಸಾ, ವರ್ಕ್ ಪರ್ಮಿಟ್ ಖರ್ಚು ಯಾರದು, ಮನೆ ಬಾಡಿಗೆ ಯಾರದು, ನಡುವೆ ಬಿಟ್ಟರೆ ಎಷ್ಟು ಹಿಡಿಯುತ್ತಾರೆ? ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ. ಅಷ್ಟನ್ನೇ ಮೆತ್ತಗೆ ಹೇಳಿ. ಆ ಶಾಲೆಯಲ್ಲಿ ಈಗ ಕೆಲಸ ಮಾಡುವ ಭಾರತೀಯ ಅಥವಾ ಫಿಲಿಪ್ಪೀನ್ಸ್ ಟೀಚರ್ ಒಬ್ಬರ ಜೊತೆ ಮಾತಾಡಿಸಿ ಎಂದು ಕೇಳಿ. ನುಣುಚಿಕೊಂಡರೆ ಉತ್ತರ ಸಿಕ್ಕಂತೆ.

ಏಜೆಂಟರ ಮೂಲಕ ಹೋಗುವುದಾದರೆ 1983ರ ವಲಸೆ ಕಾಯ್ದೆಯಡಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರ್ ಹಾಕಿ ನೋಡಿ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಎರಡು ಲಕ್ಷ ಕೇಳುವವರು ರಸೀದಿ ಕೊಡುವುದಿಲ್ಲ. ಥಾಯ್ಲೆಂಡಿನ ಕೆಲಸ ಎಂದು ಟೂರಿಸ್ಟ್ ವೀಸಾದಲ್ಲಿ ಕರೆಸಿ, ಮೇ ಸೋಟ್ ಗಡಿಯಿಂದ ಮ್ಯಾನ್ಮಾರಿಗೆ ಸಾಗಿಸಿ ಸೈಬರ್ ವಂಚನೆಗೆ ಕೂರಿಸಿದ ಪ್ರಕರಣಗಳು 2022ರಿಂದ ನಡೆದಿವೆ. ಶಾಲೆ ಯಾವ ಊರಿನಲ್ಲಿದೆ ಎಂದು ಮ್ಯಾಪಿನಲ್ಲಿ ನೋಡಿ, ಆ ಶಾಲೆಯ ಲ್ಯಾಂಡ್‌ಲೈನಿಗೆ ನೀವೇ ಕರೆ ಮಾಡಿ. ಟೂರಿಸ್ಟ್ ವೀಸಾದಲ್ಲಿ ಬನ್ನಿ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಕೆಲಸಕ್ಕಾಗಿ ಹೋಗಿ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಿ. ಇನ್ನೊಂದನ್ನು ಕೊಡಗಿನವರು ಮರೆಯುವಂತಿಲ್ಲ: ಅನಿವಾಸಿಗಳು ಪಿತ್ರಾರ್ಜಿತ ತೋಟವನ್ನು ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ. ದುಡಿದ ಹಣದಲ್ಲಿ ಪಕ್ಕದ ಎರಡು ಎಕರೆ ಸೇರಿಸುವ ಯೋಚನೆಯಿದ್ದರೆ ವಾಪಸು ಬಂದು ನೆಲೆಸುವ ತನಕ ಕಾಯಬೇಕು.

ರಜೆಯನ್ನೂ ಮೊದಲೇ ಅಳೆದುಕೊಳ್ಳಿ. ಥಾಯ್ ಶಾಲೆಗಳಿಗೆ ಅಕ್ಟೋಬರಿನಲ್ಲಿ ರಜೆ, ಹಾಗಾಗಿ ಕಾವೇರಿ ಸಂಕ್ರಮಣಕ್ಕೆ ಬರಬಹುದು. ಪುತ್ತರಿ ಬರುವುದು ಎರಡನೇ ಅವಧಿಯ ನಡುವೆ, ಬಿಡುವು ಸಿಗುವುದು ಕಷ್ಟ. ಕೊಲ್ಲಿಗೆ ಹೋಗುವ ದಕ್ಷಿಣ ಕೊಡಗಿನವರಿಗೆ ಬೆಂಗಳೂರಿಗಿಂತ ಮಾಕುಟ್ಟ ಇಳಿದು ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ಮಳೆಗಾಲದಲ್ಲಿ ಮಾತ್ರ ಆ ಘಾಟಿ ತೆರೆದಿದೆಯೇ ಎಂದು ಹಿಂದಿನ ದಿನ ವಿಚಾರಿಸಿ. ಮೂಲ ಕಾಗದಗಳು ಕೈಚೀಲದಲ್ಲಿ, ಸ್ಕ್ಯಾನ್ ಮಾಡಿದವು ಇಮೇಲಿನಲ್ಲಿ.

ಅದೇ ಚೀಲದಲ್ಲಿ ಊರಿನ ಹತ್ತು ಫೋಟೋ ಇರಲಿ, ಮೊದಲ ದಿನದ ಪಾಠಕ್ಕೆ. ಬೋರ್ಡಿನ ಮೇಲೆ ನಿಮ್ಮ ಬಗ್ಗೆ ಮೂರು ವಾಕ್ಯ ಬರೆಯಿರಿ, ಎರಡು ನಿಜ, ಒಂದು ಸುಳ್ಳು: ನಮ್ಮ ತೋಟಕ್ಕೆ ಆನೆ ಬರುತ್ತದೆ, ನಮ್ಮೂರಲ್ಲಿ ಸಮುದ್ರವಿದೆ, ನಾನು ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತೇನೆ. ಮಕ್ಕಳು ಪ್ರಶ್ನೆ ಕೇಳಿ ಸುಳ್ಳು ಯಾವುದೆಂದು ಹಿಡಿಯಬೇಕು. 'ಡು ಯು', 'ಈಸ್ ದೇರ್' ಎಂದು ಅರ್ಧಂಬರ್ಧ ಶುರುವಾಗುತ್ತದೆ. ತಿದ್ದಬೇಡಿ, ಉತ್ತರ ಕೊಡಿ. ಆನೆಯದನ್ನೇ ಮೊದಲು ಸುಳ್ಳು ಎನ್ನುತ್ತಾರೆ. ಆಗ ಮುರಿದ ಬೇಲಿಯ ಫೋಟೋ ತೆಗೆಯಿರಿ.